ನೆತ್ತರಿನ ಕಬ್ಬಿಣ

ಬೆಳಗಾವಿಯಿಂದ ದಕ್ಷಿಣಕ್ಕೆ ಸಾಗಿ ಮಲಪ್ರಭೆಯ ದಡದ ಖಾನಾಪುರವನ್ನು ತಲಪಿದವರಿಗೆ ಅಲ್ಲಿಯ ಕೆಂಪು ಹೆಂಚು, ಮಡಕೆಗಳು ಕಣ್ಣಿಗೆ ಬೀಳದಿರವು. ಆವಿಗೆಯಲ್ಲಿ ಬೆಂದ ಮಣ್ಣಿಗೆ ಆ ಕೆಂಪನ್ನು ಕೊಡುವುದು ಅದರಲ್ಲಿರುವ ಕಬ್ಬಿಣ. ಮಡಕೆ ಮಾಡುವ ಕುಂಬಾರನ ನೆತ್ತರಿನಲ್ಲಿಯೂ ಕಬ್ಬಿಣವಿದೆ. ವಯಸ್ಕರ ದೇಹದಲ್ಲಿರುವ ಸುಮಾರು 3ರಿಂದ 4 ಗ್ರಾಂ ಕಬ್ಬಿಣದಲ್ಲಿ ಮೂರನೆಯ ಎರಡು ಪಾಲು ಹಿಮೋಗ್ಲೋಬಿನ್ ಎಂಬ ಪ್ರೋಟೀನಿನಲ್ಲಿ ಅಡಗಿರುತ್ತದೆ. ಹಾಗಾದರೆ ಅಯಸ್ಕಾಂತವು ನೆತ್ತರನ್ನು ಸೆಳೆಯುವುದೇ?

1845ರಲ್ಲಿ ಇಂಗ್ಲೆಂಡಿನ ಮೈಕೆಲ್ ಫ್ಯಾರಡೆಯವರು ಒಣಗಿದ ರಕ್ತವನ್ನು ಪ್ರಬಲವಾದ ಕಾಂತದ ಬಳಿ ಇರಿಸಿ ಪರೀಕ್ಷಿಸಿದರು. ಅದು ಕಾಂತದತ್ತ ಸರಿಯಲಿಲ್ಲ. ಹಸಿ ರಕ್ತವನ್ನೂ ಪರೀಕ್ಷಿಸಬೇಕೆಂದು ಅವರು ದಿನಚರಿಯಲ್ಲಿ ಬರೆದಿಟ್ಟುಕೊಂಡರು. ಉತ್ತರ ದೊರೆತದ್ದು 1936ರಲ್ಲಿ, ಅಮೆರಿಕದ ಲೈನಸ್ ಪಾಲಿಂಗ್ ಮತ್ತು ಚಾರ್ಲ್ಸ್ ಕೊರಿಯೆಲ್ ಅವರಿಂದ. ಆಮ್ಲಜನಕವನ್ನು ಹೊತ್ತ ಹಿಮೋಗ್ಲೋಬಿನ್ ಕಾಂತದಿಂದ ತುಸು ದೂರ ಸರಿಯುತ್ತಿತ್ತು. ಆಮ್ಲಜನಕವನ್ನು ಬಿಟ್ಟುಕೊಟ್ಟದ್ದು ಕಾಂತದ ಕಡೆಗೆ ವಾಲುತ್ತಿತ್ತು! ಆಮ್ಲಜನಕವಿಲ್ಲದಾಗ ಪ್ರತಿಯೊಂದು ಕಬ್ಬಿಣದ ಪರಮಾಣುವಿನಲ್ಲಿಯೂ ಜೊತೆಯಿಲ್ಲದ 4 ಎಲೆಕ್ಟ್ರಾನುಗಳಿದ್ದು, ಅವು ಪುಟ್ಟ ಕಾಂತಗಳಂತೆ ವರ್ತಿಸುತ್ತವೆ. ಆಮ್ಲಜನಕ ಬಂದು ಸೇರಿದೊಡನೆ ಈ ಒಂಟಿತನ ನೀಗುತ್ತದೆ. ಈ ಸೆಳೆತವಾದರೋ ಅತ್ಯಲ್ಪ. ಕಾಂತದ ಬಳೆ ತೊಟ್ಟರೆ ರಕ್ತ ಚುರುಕಾಗಿ ಹರಿಯುವುದೆಂಬ ಜಾಹೀರಾತುಗಳಿಗೆ ಇದರಲ್ಲಿ ಯಾವ ಆಧಾರವೂ ಇಲ್ಲ.

ಆದರೂ ಈ ಅತ್ಯಲ್ಪ ಸೆಳೆತವೇ ಮುಂದೆ ವೈದ್ಯರ ನೆರವಿಗೆ ಬಂದಿತು. ಖಾನಾಪುರದ ರೋಗಿಯನ್ನು ಬೆಳಗಾವಿಯ ಆಸ್ಪತ್ರೆಗೆ ಕರೆತಂದು ಎಂ.ಆರ್.ಐ. ಯಂತ್ರದೊಳಗೆ ಮಲಗಿಸಿದರೆ, ಆ ಯಂತ್ರವು ದೇಹದ ನೀರಿನಲ್ಲಿರುವ ಹೈಡ್ರೋಜನ್ ಪರಮಾಣುಬೀಜಗಳ ಸಂಕೇತವನ್ನು ಗ್ರಹಿಸಿ ಚಿತ್ರವನ್ನು ರಚಿಸುತ್ತದೆ. ನಿಂತ ದ್ರವದ ಸಂಕೇತಕ್ಕೂ ಹರಿಯುವ ದ್ರವದ ಸಂಕೇತಕ್ಕೂ ವ್ಯತ್ಯಾಸವಿದೆಯೆಂಬುದನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಭೌತವಿಜ್ಞಾನಿ ಜಿ. ಸೂರ್ಯನ್ ಅವರು 1951ರಷ್ಟು ಹಿಂದೆಯೇ ಪ್ರಕಟಿಸಿದ್ದರು. ನಾಳಗಳಲ್ಲಿ ರಕ್ತದ ಹರಿವನ್ನು ಅಳೆಯುವ ವಿದ್ಯೆಗೆ ಅದು ಮೊದಲ ಹೆಜ್ಜೆಗಳಲ್ಲಿ ಒಂದು.

ಹರಿವಿನಂತೆಯೇ ರಕ್ತದ ಕಬ್ಬಿಣವೂ ಈ ಸಂಕೇತವನ್ನು ಬದಲಿಸುತ್ತದೆ. 1990ರಲ್ಲಿ ಜಪಾನಿನ ಸೈಜಿ ಒಗಾವ ಅವರು ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಇಲಿಗಳ ಮಿದುಳನ್ನು ಹೀಗೆ ಚಿತ್ರಿಸಿದರು. ಸಾಮಾನ್ಯ ಗಾಳಿಯನ್ನು ಉಸಿರಾಡುತ್ತಿದ್ದಾಗ ಚಿತ್ರದಲ್ಲಿ ಕಪ್ಪು ಗೆರೆಗಳು ಕಂಡವು. ಶುದ್ಧ ಆಮ್ಲಜನಕವನ್ನು ಕೊಟ್ಟಾಗ ಅವು ಮಾಸಿದವು. ಆಮ್ಲಜನಕ ಕಳೆದುಕೊಂಡ ರಕ್ತವು ತನ್ನ ಸುತ್ತಲಿನ ನೀರಿನ ಸಂಕೇತವನ್ನು ಕೆಡಿಸುತ್ತಿದ್ದುದೇ ಆ ಗೆರೆಗಳಿಗೆ ಕಾರಣ.

ಮಿದುಳಿನ ಯಾವ ಭಾಗ ಕೆಲಸದಲ್ಲಿ ತೊಡಗಿದೆಯೋ ಅಲ್ಲಿಗೆ ಬೇಕಾದುದಕ್ಕಿಂತ ಹೆಚ್ಚಾಗಿಯೇ ಆಮ್ಲಜನಕ ತುಂಬಿದ ರಕ್ತ ನುಗ್ಗುವುದರಿಂದ ಆ ಭಾಗ ಚಿತ್ರದಲ್ಲಿ ತುಸು ಬೆಳಗುತ್ತದೆ. ಮಿದುಳಿನ ಗೆಡ್ಡೆಯನ್ನು ತೆಗೆಯಬೇಕಾದಾಗ, ರೋಗಿಗೆ ಮನಸ್ಸಿನಲ್ಲೇ ಪದಗಳನ್ನು ನೆನೆಯಲು ಹೇಳಿ, ಅವನ ಮಾತಿನ ಕೇಂದ್ರ ಗೆಡ್ಡೆಗೆ ಎಷ್ಟು ಸಮೀಪದಲ್ಲಿದೆಯೆಂಬುದನ್ನು ಶಸ್ತ್ರವೈದ್ಯರು ತಲೆಬುರುಡೆಯನ್ನು ತೆರೆಯುವ ಮೊದಲೇ ಗುರುತಿಸಿಕೊಳ್ಳುತ್ತಾರೆ.