ಇಂಕಾ ನಾಡಿಗೆ ಹೊರಟ ಪುಟ್ಟಿಗೆ

ಪುಟ್ಟಿ,

ಪೆರುಗೆ ಹೋಗುತ್ತೇವೆ ಎಂದು ನೀನು ಫೋನಿನಲ್ಲಿ ಹೇಳಿದ್ದೇ ತಡ, ನಿನ್ನ ದೊಡ್ಡಮ್ಮ ಬೀರುವಿನಿಂದ ಹಳೇ ಆಲ್ಬಮ್ ತೆಗೆದು ಮಡಿಲಲ್ಲಿಟ್ಟುಕೊಂಡು ಕೂತಿದ್ದಾಳೆ. ನಾವಿಬ್ಬರೂ ಅಲ್ಲಿಗೆ ಹೋದಾಗ ನನಗೆ ಅರವತ್ತಮೂರು. ನೀರಾವರಿ ಇಲಾಖೆಯಲ್ಲಿ ಕಾಲುವೆ, ತೂಬು, ಒಡ್ಡು ಅಂತ ಜೀವನವೆಲ್ಲ ಓಡಾಡಿದವನು ನಾನು. ಇಂಕಾ ಜನರ ಕೆಲಸ ನೋಡಿ ಬಂದ ಮೇಲೆ ನನ್ನ ಕಸುಬಿನ ಬಗ್ಗೆಯೇ ನನಗೆ ಗೌರವ ಹೆಚ್ಚಾಯಿತು. ಅದಕ್ಕೇ ನೀನೂ ಅಳಿಯಂದಿರೂ ಹೊರಡುವ ಮುಂಚೆ ನಾಲ್ಕು ಮಾತು ಹೇಳಿಬಿಡುತ್ತೇನೆ. ಒಂದೆರಡು ನಾವು ಪೆಟ್ಟು ತಿಂದು ಕಲಿತವು. ಆ ಪೆಟ್ಟು ನಿಮಗೆ ಬೀಳಬಾರದು.

ಮೊದಲನೆಯದು ಗುಂಪಿನ ಮಾತು. ಸ್ವಲ್ಪ ದುಡ್ಡು ಹೆಚ್ಚಾದರೂ ಎಂಟು ಹತ್ತು ಜನರ ಗುಂಪಿನಲ್ಲೇ ಹೋಗಿ. ನಾವು ಮೊದಲು ದುಡ್ಡು ಉಳಿಸಲು ಹೋಗಿ ನಲವತ್ತು ಜನರ ಬಸ್ಸು ಹತ್ತಿದ್ದೆವು. ಪಿಸಾಕ್, ಒಯಾಂಟಾಯ್‌ಟಾಂಬೊ, ಚಿಂಚೇರೊ, ಮೂರೂ ಒಂದೇ ದಿನಕ್ಕೆ. ಗೈಡ್ ಹೇಳಿದ ಮಾತು ಮುಂದಿನ ನಾಲ್ಕು ಜನಕ್ಕೆ ಕೇಳಿಸುತ್ತಿತ್ತು, ಉಳಿದದ್ದು ಗಾಳಿಗೆ. ಊಟದ ಜಾಗದಲ್ಲಿ ಒಂದೂವರೆ ಗಂಟೆ ಕೂರಿಸಿದವರು ಒಯಾಂಟಾಯ್‌ಟಾಂಬೊದಲ್ಲಿ ಕೊಟ್ಟದ್ದು ನಲವತ್ತು ನಿಮಿಷ. ಏದುಸಿರು ಬಿಡುತ್ತಾ ಹತ್ತಿ, ಸೂರ್ಯ ದೇವಾಲಯದ ಆರು ಬಂಡೆಗಳ ಮುಂದೆ ಫೋಟೊ ತೆಗೆಸಿಕೊಂಡು ಇಳಿದೆವು. ಆ ಬಂಡೆ ಎಲ್ಲಿಂದ ಬಂತು ಎಂಬುದೂ ನಮಗೆ ತಿಳಿಯಲಿಲ್ಲ.

ಮನಸ್ಸು ತಡೆಯಲಿಲ್ಲ. ಎರಡು ದಿನ ಬಿಟ್ಟು ಎಂಟು ಜನರ ಇನ್ನೊಂದು ಗುಂಪಿನ ಜೊತೆ ಅದೇ ಜಾಗಕ್ಕೆ ಮತ್ತೆ ಹೋದೆವು. ಆ ಗೈಡ್ ಕೆಚುವಾ ಮನೆಮಾತಿನ ಹುಡುಗ. ಕೋಟೆ ಹತ್ತಿಸುವ ಮೊದಲು ನಮ್ಮನ್ನು ಊರೊಳಗಿನ ಓಣಿಯಲ್ಲಿ ಕೂರಿಸಿದ. ಓಣಿಯ ಪಕ್ಕದಲ್ಲೇ ಇಂಕಾ ಕಾಲದ ಕಲ್ಲುಕಾಲುವೆ, ಅದರಲ್ಲಿ ಇವತ್ತಿಗೂ ತಣ್ಣಗೆ ಹರಿಯುವ ನೀರು. ಅದೇ ಅಡಿಪಾಯದ ಮೇಲೆ ಮನೆ ಮಾಡಿಕೊಂಡು ಜನ ಬದುಕುತ್ತಿದ್ದಾರೆ. ಆಮೇಲೆ ಕೋಟೆಯ ತುದಿಯಲ್ಲಿ ನಿಲ್ಲಿಸಿ ನದಿಯಾಚೆಯ ಬೆಟ್ಟ ತೋರಿಸಿದ. ಕಲ್ಲುಗಣಿ ಇದ್ದದ್ದು ಅಲ್ಲಿ, ಕಾಚಿಕಾಟದಲ್ಲಿ, ನಾಲ್ಕೈದು ಕಿಲೋಮೀಟರ್ ದೂರ. ಬೆಟ್ಟದಿಂದ ಇಳಿಸಿ, ಉರುಬಾಂಬ ನದಿ ದಾಟಿಸಿ, ಈ ಗುಡ್ಡ ಹತ್ತಿಸಿದ್ದಾರೆ. ಕಬ್ಬಿಣದ ಉಳಿಯಿಲ್ಲ, ಗಾಡಿಯಿಲ್ಲ. ಹಗ್ಗ, ಇಳಿಜಾರು, ಜನರ ತೋಳು. ದಾರಿಯಲ್ಲೇ ಉಳಿದುಹೋದ ಕಲ್ಲುಗಳೂ ಇವೆ. ಅವಕ್ಕೆ ಅಲ್ಲಿಯವರು ‘ದಣಿದ ಕಲ್ಲುಗಳು’ ಅನ್ನುತ್ತಾರೆ. ಆ ಹೆಸರು ಕೇಳಿ ನಿನ್ನ ದೊಡ್ಡಮ್ಮ ಅಲ್ಲೇ ಒಂದು ಮೆಟ್ಟಿಲ ಮೇಲೆ ಕೂತು ಆ ಬೆಟ್ಟವನ್ನೇ ನೋಡುತ್ತಾ ಇದ್ದಳು. ಯಾರೂ ಅವಳನ್ನು ಏಳಿಸಲಿಲ್ಲ. ಗುಂಪು ಚಿಕ್ಕದಾಗಿದ್ದರೆ ಸಿಗುವುದು ಇದೇ, ಪುಟ್ಟಿ: ಕೂರಲು ಪುರಸೊತ್ತು, ಕೇಳಲು ಒಂದು ಪ್ರಶ್ನೆ, ಉತ್ತರ ಹೇಳಲು ಒಬ್ಬ ಮನುಷ್ಯ.

ಎರಡನೆಯದು ಉಸಿರಿನ ಮಾತು. ನಮ್ಮ ರಾಜ್ಯದಲ್ಲಿ ಎಲ್ಲಕ್ಕಿಂತ ಎತ್ತರದ ಮುಳ್ಳಯ್ಯನಗಿರಿಯೇ 1,930 ಮೀಟರ್. ಕುಸ್ಕೊ ಊರಿನ ಪೇಟೆಬೀದಿ ಇರುವುದು ಸುಮಾರು 3,400 ಮೀಟರ್‌ನಲ್ಲಿ. ಸಮುದ್ರದ ದಡದ ಲಿಮಾದಿಂದ ವಿಮಾನ ಹತ್ತಿದರೆ ಒಂದೂವರೆ ಗಂಟೆಯೊಳಗೆ ಅಲ್ಲಿ ಇಳಿಸಿಬಿಡುತ್ತದೆ. ದೇಹಕ್ಕೆ ಹೊಂದಿಕೊಳ್ಳಲು ಸಮಯವೇ ಇರುವುದಿಲ್ಲ. ನಾನು ಬಂದಿಳಿದ ಸಂಜೆಯೇ, ಮಲೆನಾಡಿನಲ್ಲಿ ಹುಟ್ಟಿದವನಿಗೆ ಬೆಟ್ಟ ಹೊಸದೇ ಅಂದುಕೊಂಡು, ಊರಿನ ಮೇಲಿರುವ ಸಾಕ್ಸಾಯ್‌ವಾಮನ್ ಕೋಟೆಗೆ ನಡೆದೆ. ಅದು 3,700 ಮೀಟರ್. ನೂರು ಟನ್ನಿಗೂ ಮೀರಿದ ಬಂಡೆಗಳ ಗೋಡೆ ನೋಡಿ ಮೈ ಮರೆತದ್ದೇನೋ ನಿಜ. ಆದರೆ ರಾತ್ರಿ ತಲೆ ಸಿಡಿಯುವ ನೋವು, ವಾಂತಿ, ಮಲಗಿದರೆ ಉಸಿರು ಸಾಲದು. ಹೋಟೆಲಿನವರು ಆಮ್ಲಜನಕದ ಸಿಲಿಂಡರ್ ತಂದುಕೊಟ್ಟರು. ನಿನ್ನ ದೊಡ್ಡಮ್ಮ ಬೆಳಗಿನವರೆಗೆ ನನ್ನ ಕೈ ಹಿಡಿದು ಕೂತಿದ್ದಳು. ಎತ್ತರದ ಕಾಯಿಲೆಗೆ ಅಲ್ಲಿ ‘ಸೊರೋಚೆ’ ಅನ್ನುತ್ತಾರೆ. ಅದು ವಯಸ್ಸು ನೋಡುವುದಿಲ್ಲ, ಜಿಮ್ಮಿಗೆ ಹೋಗುವ ಗಟ್ಟಿಮುಟ್ಟಾದ ಹುಡುಗರನ್ನೂ ಮಲಗಿಸುತ್ತದೆ.

ಆದ್ದರಿಂದ ನಿಮ್ಮ ಟೂರ್‌ನವರಿಗೆ ಮೊದಲೇ ಹೇಳಿ: ಕುಸ್ಕೊದಲ್ಲಿ ಇಳಿದವರೇ ಕೆಳಗಿನ ಉರುಬಾಂಬ ಕಣಿವೆಗೆ ಹೋಗಿಬಿಡಿ. ಅದು ಐನೂರು ಮೀಟರಿನಷ್ಟು ತಗ್ಗಿನಲ್ಲಿದೆ. ಎರಡು ರಾತ್ರಿ ಅಲ್ಲಿ ಕಳೆದು, ಇನ್ನೂ ತಗ್ಗಿನ ಮಾಚು ಪಿಚ್ಚು ನೋಡಿ, ಕುಸ್ಕೊವನ್ನು ಕೊನೆಗೆ ಇಟ್ಟುಕೊಳ್ಳಿ. ಮೊದಲ ದಿನ ಹೊಟ್ಟೆ ತುಂಬಾ ಉಣ್ಣಬೇಡಿ, ನೀರು ಚೆನ್ನಾಗಿ ಕುಡಿಯಿರಿ. ಡಯಾಮಾಕ್ಸ್ ಮಾತ್ರೆಯನ್ನು ಯಾರೋ ಹೇಳಿದರೆಂದು ನುಂಗಬೇಡಿ. ಹೊರಡುವ ಮುಂಚೆ ಡಾಕ್ಟರನ್ನು ಕೇಳಿ, ಸಲ್ಫಾ ಅಲರ್ಜಿ ಇದ್ದರೆ ತಪ್ಪದೆ ಹೇಳಿ. ಸುಮ್ಮನೆ ಕೂತಾಗಲೂ ಉಸಿರು ಕಟ್ಟಿದರೆ, ಮಾತು ತೊದಲಿದರೆ, ನಡಿಗೆ ತಪ್ಪಿದರೆ ಕಾಯುತ್ತಾ ಕೂರಬೇಡಿ, ಆ ಗಳಿಗೆಯಲ್ಲೇ ಕೆಳಗಿಳಿಯಬೇಕು. ಅಲ್ಲಿ ಎಲ್ಲರೂ ಕೋಕಾ ಎಲೆಯ ಚಹಾ ಕೊಡುತ್ತಾರೆ. ಪೆರುವಿನಲ್ಲಿ ಅದಕ್ಕೆ ಅಡ್ಡಿಯಿಲ್ಲ. ಆದರೆ ನೆನಪಿಗೆಂದು ಒಂದೇ ಒಂದು ಎಲೆಯನ್ನೂ ಚೀಲದಲ್ಲಿಟ್ಟುಕೊಂಡು ಬರಬೇಡಿ. ನಮ್ಮ ದೇಶದಲ್ಲಿ ಅದು ಅಪರಾಧ.

ಮೂರನೆಯದು ಟಿಕೆಟ್ಟು, ಹೊತ್ತುಗೊತ್ತು. ಮಾಚು ಪಿಚ್ಚುವಿಗೆ ನಾಲ್ಕು ದಿನದ ಇಂಕಾ ದಾರಿ ನಡೆಯುವುದೋ, ರೈಲಿನಲ್ಲಿ ಹೋಗುವುದೋ ಇನ್ನೂ ತೀರ್ಮಾನವಾಗಿಲ್ಲ ಎಂದೆ. ನಡೆಯುವುದಾದರೆ ಈಗಲೇ ಹೆಸರು ಬರೆಸಿ. ಹೊರೆಯಾಳುಗಳು, ಗೈಡ್‌ಗಳು ಸೇರಿ ದಿನಕ್ಕೆ ಐನೂರು ಜನಕ್ಕಷ್ಟೇ ಆ ದಾರಿಯಲ್ಲಿ ಬಿಡುತ್ತಾರೆ. ಪರವಾನಗಿ ಇರುವ ಗೈಡ್ ಇಲ್ಲದೆ ಕಾಲಿಡುವಂತಿಲ್ಲ. ಫೆಬ್ರವರಿಯಲ್ಲಿ ದುರಸ್ತಿಗೆಂದು ಪೂರ್ತಿ ಮುಚ್ಚುತ್ತಾರೆ. ಸುಮಾರು 42 ಕಿಲೋಮೀಟರಿನ ಆ ದಾರಿಯ ನೆತ್ತಿ 4,215 ಮೀಟರ್. ಮಂಡಿಯನ್ನು ಕೇಳಿಕೊಂಡು ನಿರ್ಧಾರ ಮಾಡು. ರೈಲಿನಲ್ಲಿ ಹೋದರೂ ಏನೂ ಕಡಿಮೆಯಿಲ್ಲ, ನಾವು ಹೋದದ್ದು ಹಾಗೆಯೇ. ಒಯಾಂಟಾಯ್‌ಟಾಂಬೊದಲ್ಲಿ ಹತ್ತಿ ಆಗ್ವಾಸ್ ಕಾಲಿಯೆಂಟೆಸ್‌ನಲ್ಲಿ ಇಳಿದು, ಅಲ್ಲಿಂದ ಬಸ್ಸಿನಲ್ಲಿ ತಿರುವು ತಿರುವಾಗಿ ಮೇಲೇರಬೇಕು.

ಮಾಚು ಪಿಚ್ಚು ಟಿಕೆಟ್ಟಿನಲ್ಲಿ ಒಳಹೋಗುವ ಹೊತ್ತೂ ನಡೆಯುವ ಸುತ್ತೂ ಗೊತ್ತುಮಾಡಿರುತ್ತಾರೆ. ಬೇರೆ ಬೇರೆ ಸುತ್ತಿನಲ್ಲಿ ಬೇರೆ ಬೇರೆ ಭಾಗ ಕಾಣುತ್ತದೆ, ಕೊಳ್ಳುವ ಮೊದಲೇ ವಿಚಾರಿಸಿಕೊಳ್ಳಿ. ಒಂದು ಸಲ ಮುಂದೆ ಹೋದರೆ ಹಿಂದಕ್ಕೆ ಬರಲು ಬಿಡುವುದಿಲ್ಲ, ಒಳಗೆ ಶೌಚಾಲಯವಿಲ್ಲ. ಟಿಕೆಟ್ಟಿನಲ್ಲಿನ ಹೆಸರೂ ಪಾಸ್‌ಪೋರ್ಟಿನ ಹೆಸರೂ ಅಕ್ಷರಕ್ಕೆ ಅಕ್ಷರ ಹೊಂದಬೇಕು. ನಮ್ಮವರ ಇನಿಷಿಯಲ್ಲು, ಅಪ್ಪನ ಹೆಸರು ಅಲ್ಲೇ ತೊಡಕು ಮಾಡುವುದು. ಮೇ ತಿಂಗಳಿನಿಂದ ಸೆಪ್ಟೆಂಬರ್‌ವರೆಗೆ ಮಳೆ ಕಡಿಮೆ. ಆದರೆ ಜೂನ್, ಜುಲೈ ಅಲ್ಲಿ ಚಳಿಗಾಲ, ರಾತ್ರಿ ಸ್ವೆಟರ್ ಒಂದೇ ಸಾಲದು.

ಇನ್ನು ನನ್ನ ಮನಸ್ಸಿಗೆ ತೀರಾ ಹತ್ತಿರದ ಮಾತಿಗೆ ಬರುತ್ತೇನೆ. ಮಾಚು ಪಿಚ್ಚುವಿನಲ್ಲಿ ಎಲ್ಲರೂ ಮೇಲೆ ನೋಡುತ್ತಾರೆ, ನೀನು ಕೆಳಗೆ ನೋಡು. ನಾವು ಹೋದದ್ದು ಏಪ್ರಿಲ್ ಕೊನೆಯಲ್ಲಿ. ಒಳಗೆ ಕಾಲಿಟ್ಟ ಅರ್ಧ ಗಂಟೆಗೆ ಧೋ ಎಂದು ಮಳೆ ಸುರಿಯಿತು. ಗುಂಪಿನವರೆಲ್ಲ ಪ್ಲಾಸ್ಟಿಕ್ ಕೋಟು ಎಳೆದುಕೊಂಡು ಹುಲ್ಲುಚಾವಣಿಯ ಕೆಳಗೆ ಸೇರಿದೆವು. ಇಪ್ಪತ್ತು ನಿಮಿಷಕ್ಕೆ ಮಳೆ ನಿಂತಿತು. ಹೊರಗೆ ಬಂದು ಬಗ್ಗಿ ನೋಡಿದೆ, ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಆ ಹೊಲಗಳಲ್ಲಿ ಒಂದು ಕಡೆಯೂ ನೀರು ನಿಂತಿಲ್ಲ! ಕೆಸರಿಲ್ಲ, ಮಣ್ಣು ಕೊಚ್ಚಿಲ್ಲ. ನನ್ನ ಕೆಲಸವೆಲ್ಲ ಬಸಿಗಾಲುವೆ ಕಟ್ಟಿಕೊಳ್ಳುವುದರ ಜೊತೆ ಗುದ್ದಾಡುವುದೇ ಆಗಿತ್ತು, ಮೈ ಜುಮ್ಮೆಂದಿತು.

ಗೈಡ್ ಹುಡುಗ ನನ್ನ ಪಕ್ಕ ಕುಕ್ಕರುಗಾಲಲ್ಲಿ ಕೂತು ಅಂಗೈಯನ್ನು ಒಂದರ ಕೆಳಗೊಂದು ಹಿಡಿದು ತೋರಿಸಿದ. ಮೇಲೆ ಫಲವತ್ತಾದ ಮಣ್ಣು, ಅದರಡಿ ಮರಳು ಮತ್ತು ಜಲ್ಲಿ, ಎಲ್ಲಕ್ಕೂ ಕೆಳಗೆ ದಪ್ಪ ಕಲ್ಲು. ಸುರಿದ ಮಳೆ ಸೋಸಿಕೊಂಡು ಇಳಿದು, ಗೋಡೆಯನ್ನು ತಳ್ಳದೆ ಹೊರಟುಹೋಗುತ್ತದೆ. ಬೆಟ್ಟದ ಬುಗ್ಗೆಯ ನೀರನ್ನು ಸುಮಾರು 750 ಮೀಟರ್ ಕಾಲುವೆಯಲ್ಲಿ ತಂದು, ಒಂದರ ಕೆಳಗೊಂದು 16 ಕಲ್ಲುಧಾರೆಗಳಲ್ಲಿ ಬೀಳಿಸಿದ್ದಾರೆ. ಈ ಊರಿನ ನೀರಿನ ವ್ಯವಸ್ಥೆಯನ್ನು ಅಳೆದು ನೋಡಿದ ಅಮೆರಿಕದ ಎಂಜಿನಿಯರ್ ಕೆನ್ನೆತ್ ರೈಟ್, ಇಲ್ಲಿ ಪಟ್ಟ ಶ್ರಮದಲ್ಲಿ ಅರ್ಧಕ್ಕಿಂತ ಹೆಚ್ಚು ನೆಲದ ಅಡಿಯಲ್ಲೇ ಇದೆ ಎಂದು ಅಂದಾಜು ಮಾಡಿದ್ದಾರೆ. ಪಚಕೂತಿ ದೊರೆಯ ಕಾಲದಲ್ಲಿ, ಹದಿನೈದನೇ ಶತಮಾನದಲ್ಲಿ, ಕಟ್ಟಿದ ಊರು ಇಷ್ಟು ಮಳೆಗೂ ಜಾರಿಹೋಗದೆ ನಿಂತಿರುವುದು ಫೋಟೊದಲ್ಲಿ ಎಂದೂ ಕಾಣದ ಆ ಜಲ್ಲಿಯಿಂದ.

ಆ ಜಲ್ಲಿಯಂತೆಯೇ ಕಣ್ಣಿಗೆ ಬೀಳದೆ ನಿಮ್ಮ ಪ್ರವಾಸವನ್ನು ಹೊತ್ತಿರುವವರು ಬೇರೆ ಇದ್ದಾರೆ, ಪುಟ್ಟಿ. ‘ಕಳೆದುಹೋದ ಊರು’, ‘ಮಾಯವಾದ ಇಂಕಾ ಜನ’ ಎಂದೆಲ್ಲ ಅನ್ನುವುದನ್ನು ಕೇಳುತ್ತೀಯ. ನಂಬಬೇಡ. 1911ರಲ್ಲಿ ಹೈರಮ್ ಬಿಂಗಮ್ ಬಂದಾಗ ಆ ಮೆಟ್ಟಿಲುಹೊಲಗಳಲ್ಲಿ ರೈತರ ಮನೆಗಳಿದ್ದವು, ಅವನಿಗೆ ದಾರಿ ತೋರಿಸಿದ್ದು ಅಲ್ಲಿಯವರೇ. ರಾಜ್ಯ ಅಳಿಯಿತು, ಅರಸರು ಹೋದರು. ಜನ ಉಳಿದರು, ಅವರ ಕೆಚುವಾ ಮಾತು ಉಳಿಯಿತು. ಇವತ್ತು ನಿಮ್ಮ ಮುಂದೆ ನಡೆಯುವ ಗೈಡ್, ಡೇರೆ ಹೊರುವವನು, ಸಂತೆಯಲ್ಲಿ ಜೋಳ ಬೇಯಿಸಿ ಮಾರುವ ಹೆಂಗಸು ಎಲ್ಲರೂ ಆ ಕಟ್ಟಿದವರ ಪೈಕಿಯೇ.

ಅದಕ್ಕೇ ಟೂರ್‌ನವರಿಗೆ ದುಡ್ಡು ಕಟ್ಟುವ ಮೊದಲು ಹೋಟೆಲಿಗೆ ಎಷ್ಟು ಸ್ಟಾರು ಎಂದು ಕೇಳುವ ಹಾಗೆಯೇ ಇದನ್ನೂ ಕೇಳು: ಹೊರೆಯಾಳಿಗೆ ಎಷ್ಟು ಕಿಲೋ ಹೊರಿಸುತ್ತೀರಿ, ರಾತ್ರಿ ಅವರು ಮಲಗುವುದು ಎಲ್ಲಿ, ಅವರಿಗೆ ವಿಮೆ ಇದೆಯೆ? ಒಬ್ಬರ ಹೊರೆ 20 ಕಿಲೋ ಮೀರಬಾರದೆಂದು 2001ರಲ್ಲೇ ಪೆರು ಕಾನೂನು ಮಾಡಿದೆ. ನೀನು ಸೇರಿಸುವ ಇನ್ನೊಂದು ಜೊತೆ ಶೂ ಯಾರ ಬೆನ್ನ ಮೇಲೆ ಹೋಗುತ್ತದೆ ಎಂದು ನೆನೆಸಿಕೊಂಡು ಚೀಲ ಕಟ್ಟು. ಟಿಪ್ಸ್ ಕೊಡುವಾಗ ಗೈಡ್ ಕೈಗೆ ಕೊಟ್ಟು ಸುಮ್ಮನಾಗದೆ, ಹೊತ್ತವರ ಕೈಗೇ ಕೊಡು. ಲಾಮಾ ಹಿಡಿದು ನಿಂತ ಅಜ್ಜಿಯ ಫೋಟೊ ಬೇಕಾದರೆ ಮೊದಲು ಕೇಳು, ಕೊಡಬೇಕಾದ್ದನ್ನು ಕೊಡು.

ಚಿಂಚೇರೊದಲ್ಲಿ ನೇಯುವ ಹೆಂಗಸೊಬ್ಬರು ಕಳ್ಳಿಯ ಮೇಲಿನ ಬಿಳಿ ಹುಳುವೊಂದನ್ನು ಅಂಗೈಯಲ್ಲಿ ಉಜ್ಜಿದರು, ಅಂಗೈಯೆಲ್ಲ ಕಡುಗೆಂಪು. ಮೇಲೆ ಎರಡು ಹನಿ ನಿಂಬೆರಸ ಹಿಂಡಿದರು, ಕೆಂಪು ಕಿತ್ತಳೆಯಾಯಿತು. ಆ ಬಣ್ಣದ ಒಂದು ಚಿಕ್ಕ ಪಟ್ಟಿಯನ್ನು ನೇಯಲು ಎಷ್ಟು ದಿನ ಹಿಡಿಯಿತೆಂದು ಕೇಳಿದ ಮೇಲೆ ನಿನ್ನ ದೊಡ್ಡಮ್ಮ ಚೌಕಾಸಿ ಮಾಡಲಿಲ್ಲ. ಅದೇ ಪಟ್ಟಿ ಈಗಲೂ ದೇವರಮನೆಯ ಬಾಗಿಲಿಗೆ ಕಟ್ಟಿದೆ, ನೀನು ನೋಡಿದ್ದೀಯ.

ಊಟದ ಚಿಂತೆ ನಿಮ್ಮತ್ತೆಯವರಿಗೆ ಬೇಡ ಎಂದು ಹೇಳು. ಕೀನ್ವಾ, ಬಗೆಬಗೆಯ ಆಲೂಗಡ್ಡೆ, ದಪ್ಪ ಕಾಳಿನ ಮೆಕ್ಕೆಜೋಳ, ಗಿಣ್ಣು ಎಲ್ಲ ಸಿಗುತ್ತದೆ. ಎಚ್ಚರ ಬೇಕಾದದ್ದು ಸೂಪಿನಲ್ಲಿ. ಮೇಲೆ ತರಕಾರಿ ಕಂಡರೂ ಕೆಳಗಿರುವುದು ಕೋಳಿ ಬೇಯಿಸಿದ ನೀರೇ ಇರಬಹುದು. ‘ಸಿನ್ ಕಾರ್ನೆ’ ಎಂದರೆ ಮಾಂಸ ಬೇಡ ಎಂದಷ್ಟೇ. ‘ಸಿನ್ ಪೋಯೊ’, ಅಂದರೆ ಕೋಳಿ ಬೇಡ, ಎಂದೂ ಬಿಡಿಸಿ ಹೇಳಬೇಕು.

ಆ ಗೈಡ್ ಹುಡುಗ ಕೊನೆಯ ದಿನ ನಮ್ಮನ್ನು ಅವನ ಮನೆಗೆ ಕರೆದ. ಎಂಟು ಜನ ಹಿಡಿಯುವಷ್ಟೇ ಜಾಗದ ಅಡುಗೆಮನೆ. ಅವನ ತಾಯಿ ಬೇಯಿಸಿದ ಆಲೂಗಡ್ಡೆಯನ್ನು ಬುಟ್ಟಿಯಲ್ಲಿ ತಂದಿಟ್ಟರು: ನೇರಳೆ, ಹಳದಿ, ಬೆರಳಿನಂತೆ ಗಂಟುಗಂಟಾದದ್ದು. ಆಕೆ ಜೋಳದ ಚಿಚಾ ಕುಡಿಯುವ ಮುನ್ನ ಲೋಟದಿಂದ ಒಂದಿಷ್ಟನ್ನು ನೆಲಕ್ಕೆ ಚೆಲ್ಲಿದರು, ಪಚಮಾಮಾಗೆ, ಭೂಮಿತಾಯಿಗೆ. ನಮ್ಮ ಹಾಸನದ ಹೊಲದ ಆಲೂಗಡ್ಡೆಯ ತವರು ಈ ಬೆಟ್ಟಸೀಮೆಯೇ ಎಂದು ನಾನು ಹೇಳಿದಾಗ, ಮಗ ಅದನ್ನು ಕೆಚುವಾದಲ್ಲಿ ತಾಯಿಗೆ ತಿಳಿಸಿದ. ಆಕೆ ನಗುತ್ತಾ ನನ್ನ ಕೈಗೆ ಇನ್ನೊಂದು ಇಟ್ಟರು. ‘ಸುಲ್ಪಾಯ್ಕಿ’ ಎಂದೆ. ಅವರ ಮಾತಿನಲ್ಲಿ ಅದು ಕೃತಜ್ಞತೆ ಹೇಳುವ ಪದ. ನೀನೂ ಆ ಪದವನ್ನು ಈಗಲೇ ಬಾಯಿಪಾಠ ಮಾಡಿಕೋ.

ಹೋಗಿ ಬನ್ನಿ. ಬಂದ ಮೇಲೆ ಫೋಟೊ ಆಮೇಲೆ ತೋರಿಸುವೆಯಂತೆ. ಮೊದಲು ನಿಮ್ಮ ಗೈಡಿನ ಊರು ಯಾವುದು, ಅವರ ಮನೆಯಲ್ಲಿ ಎಂಥ ಆಲೂಗಡ್ಡೆ ಬೆಳೆಯುತ್ತಾರೆ, ಅದನ್ನು ನನಗೂ ದೊಡ್ಡಮ್ಮನಿಗೂ ಕೂತು ಹೇಳಬೇಕು.

ಇಂತಿ ನಿನ್ನ
ದೊಡ್ಡಪ್ಪ