ಬೆರಳಿನ ಗಾಯ: ಮನೆಮದ್ದು ಎಷ್ಟು, ಆಸ್ಪತ್ರೆ ಯಾವಾಗ?

ಜಿಗಣಿ ಕೈಗಾರಿಕಾ ಪ್ರದೇಶದಲ್ಲಿ ಗ್ರಾನೈಟ್, ತಗಡು, ಯಂತ್ರಗಳ ಜೊತೆ ದುಡಿಯುವವರಿಗೆ ಬೆರಳೇ ಬಂಡವಾಳ. ಆದರೂ ಪೆಟ್ಟಾದಾಗ "ಏನೂ ಆಗಲ್ಲ ಬಿಡಿ" ಅಂತ ಬಟ್ಟೆ ಸುತ್ತಿಕೊಂಡು ಕೆಲಸ ಮುಂದುವರಿಸುತ್ತೇವೆ. ಇದು ಸರಿಯೇ?

ಚಿಕ್ಕ ಗಾಯವಾದರೆ:
1. ಮೊದಲು ಉಂಗುರ, ಕಾಲುಂಗುರ ತೆಗೆಯಿರಿ. ಊದಿಕೊಂಡ ಮೇಲೆ ಬರುವುದಿಲ್ಲ.
2. ನಲ್ಲಿ ನೀರಿನಲ್ಲಿ ಸೋಪು ಹಾಕಿ ತೊಳೆಯಿರಿ. ಕಾಫಿಪುಡಿ, ಸುಣ್ಣ, ಸೀಮೆಎಣ್ಣೆ ಬೇಡವೇ ಬೇಡ.
3. ಶುಭ್ರ ಬಟ್ಟೆಯಿಂದ 10 ನಿಮಿಷ ಬಿಡದೆ ಒತ್ತಿ, ಕೈಯನ್ನು ಮೇಲೆತ್ತಿ ಹಿಡಿಯಿರಿ. ನಡುನಡುವೆ ಬಟ್ಟೆ ತೆಗೆದು ನೋಡಬೇಡಿ.
4. ಜಜ್ಜಿದ ಬೆರಳಿಗೆ ಬಟ್ಟೆಯಲ್ಲಿ ಸುತ್ತಿದ ಐಸ್ 10 ನಿಮಿಷ ಇಡಿ.

ಆಸ್ಪತ್ರೆಗೆ ಹೋಗಲೇಬೇಕಾದದ್ದು:
ರಕ್ತ ನಿಲ್ಲದಿದ್ದರೆ, ಬೆರಳು ಸೊಟ್ಟಗಾಗಿದ್ದರೆ, ಮಡಚಲಾಗದಿದ್ದರೆ, ಜೋಮು ಹಿಡಿದಿದ್ದರೆ, ಕೀವಾಗಿದ್ದರೆ. ಶುಗರ್ ಇರುವವರು ಕಾಲ್ಬೆರಳಿನ ಸಣ್ಣ ಗಾಯವನ್ನೂ ಡಾಕ್ಟರಿಗೆ ತೋರಿಸಿ. ನೋವಿಲ್ಲ ಅಂದಮಾತ್ರಕ್ಕೆ ಗಾಯ ವಾಸಿಯಾಗಿದೆ ಎಂದಲ್ಲ. ಮಣ್ಣು, ತುಕ್ಕು ತಾಗಿದ ಗಾಯವಾಗಿದ್ದು, ಧನುರ್ವಾಯು ಇಂಜೆಕ್ಷನ್ ಹಾಕಿಸಿ 5 ವರ್ಷ ಆಗಿದ್ದರೆ ಮತ್ತೆ ಹಾಕಿಸಬೇಕೇ ಎಂದು ಕೇಳಿ.

ಕೆಲಸದ ಜಾಗದಲ್ಲಿ ಆದ ಗಾಯವನ್ನು ಮುಚ್ಚಿಡಬೇಡಿ. ಅಂದೇ ಸೂಪರ್‌ವೈಸರಿಗೆ ತಿಳಿಸಿ, ಅಪಘಾತ ಪುಸ್ತಕದಲ್ಲಿ ಬರೆಸಿ. ಇಎಸ್‌ಐ ಇದ್ದವರಿಗೆ ಕೆಲಸಕ್ಕೆ ಸೇರಿದ ಮೊದಲ ದಿನದಿಂದಲೇ ಈ ರಕ್ಷಣೆ ಉಂಟು. ಗಾಯವಾದ ದಿನ ಬಿಟ್ಟು ಕನಿಷ್ಠ 3 ದಿನ ಕೆಲಸ ಮಾಡಲಾಗದಿದ್ದರೆ, ಕೂಲಿಯ ಸುಮಾರು ಶೇ. 90ರಷ್ಟು ಸಿಗುತ್ತದೆ. ಇವತ್ತು "ಸಣ್ಣದು" ಅಂತ ಬಿಟ್ಟ ಗಾಯ ನಾಳೆ ಕೀವಾದರೆ, ಬರೆಸದ ಗಾಯಕ್ಕೆ ಸಾಕ್ಷಿ ಎಲ್ಲಿಂದ ತರುತ್ತೀರಿ?

ಚರ್ಚೆಗೆ: ನಿಮ್ಮ ಕಾರ್ಖಾನೆಯಲ್ಲಿ ಪ್ರಥಮ ಚಿಕಿತ್ಸೆ ಪೆಟ್ಟಿಗೆ ಎಲ್ಲಿದೆ? ಅದರ ಕೀ ಯಾರ ಹತ್ತಿರ ಇದೆ?