ತೋಳಿಗಂಟಿದ 72 ಸಾವಿರ

ರಾತ್ರಿ ಮೂರು ಗಂಟೆಗೆ ಮೊಬೈಲು ಅರಚಿಕೊಂಡಿತು: ಶುಗರ್ 58. ಈ ಅಂಕಣಕಾರ ಗಾಬರಿಬಿದ್ದು ಅಡುಗೆಮನೆಗೆ ಓಡಿ ಎರಡು ಚಮಚ ಸಕ್ಕರೆ ಮುಕ್ಕಿದ. ಹೆಂಡತಿ ಅವನ ಕೈ ತೊಳೆಸಿ, ಹಳೇ ಗ್ಲುಕೋಮೀಟರ್ ಹುಡುಕಿ ತಂದು ಬೆರಳು ಚುಚ್ಚಿದಳು. 124! ಬೆವರಿಲ್ಲ, ನಡುಕವಿಲ್ಲ. ಎಡಮಗ್ಗುಲಾಗಿ ಮಲಗಿ ತೋಳಿಗಂಟಿಸಿದ ಶುಗರ್ ಅಳೆಯುವ ಸೆನ್ಸರ್ ಅದುಮಿದ್ದಷ್ಟೇ. ಒತ್ತಡ ಬಿದ್ದರೆ ಅದು ಸುಳ್ಳು ಇಳಿಕೆ ತೋರಿಸಬಹುದೆಂದು ಮಾರಿದವರು ಬಾಯಿಬಿಟ್ಟಿರಲಿಲ್ಲ.

ಮಾತ್ರೆಯಲ್ಲೇ ಹತೋಟಿಯಲ್ಲಿದ್ದ ಆಸಾಮಿ. ಸಕ್ಕರೆ ಕಾಯಿಲೆಯನ್ನೇ ಓಡಿಸುತ್ತೇವೆಂಬ ಜಾಹೀರಾತಿಗೆ ಮರುಳಾಗಿ 12 ಸೆನ್ಸರು, ಒಬ್ಬ 'ಕೋಚ್', ಎಲ್ಲ ಸೇರಿ 72,000 ರೂಪಾಯಿಯ ಪ್ಯಾಕೇಜನ್ನು ಇಎಂಐ ಮೇಲೆ ಕೊಂಡ. ಕೋಚ್ ಮಹಾಶಯ ಮುದ್ದೆಯ ಫೋಟೊಗೂ 'ಸೂಪರ್ ಸರ್', ಮೈಸೂರುಪಾಕಿನ ಫೋಟೊಗೂ 'ಸೂಪರ್ ಸರ್'.

ಈಗ ಲೆಕ್ಕ. ಮೊದಲ ಸೆನ್ಸರ್ ಪೂರ್ತಿ 14 ದಿನ ಬಂತು. ಎರಡನೆಯದು ಆರನೇ ದಿನ ಬಾಗಿಲ ಚೌಕಟ್ಟಿಗೆ ತಗಲಿ ಕಿತ್ತುಬಂತು. ಮೂರನೆಯದು ಮತ್ತೆ 14. ಅಲ್ಲಿಗೆ ಉತ್ಸಾಹ ಇಳಿಯಿತು; ಉಳಿದ ಒಂಬತ್ತು ಪೆಟ್ಟಿಗೆ ಬೀರುವಿನಲ್ಲೇ ಎಕ್ಸ್‌ಪೈರಿ ದಾಟಿದವು. 72,000 ಭಾಗಿಸು 34. ದಿನಕ್ಕೆ 2,118 ರೂಪಾಯಿ, ಬಡ್ಡಿ ಬೇರೆ. ದಿನಕ್ಕೆರಡು ಸ್ಟ್ರಿಪ್ ಬಳಸಿದ್ದರೆ 50 ರೂಪಾಯಿ ಆಗುತ್ತಿತ್ತು.

ಇದರಲ್ಲಿ ಸೆನ್ಸರಿನ ತಪ್ಪೇನಿಲ್ಲ. ಇನ್ಸುಲಿನ್ ಚುಚ್ಚಿಕೊಳ್ಳುವವರಿಗೆ, ಅದರಲ್ಲೂ ಟೈಪ್ 1 ಮಕ್ಕಳಿಗೆ, ಅದು ಶೋಕಿಯಲ್ಲ.

ಮೂರನೆಯದನ್ನು ಅಂಟಿಸುವ ಮೊದಲು ಅಂಕಣಕಾರ ತನ್ನ ವೈದ್ಯರ ಕ್ಲಿನಿಕ್ಕಿನ ಡಯಾಬಿಟಿಸ್ ಎಜುಕೇಟರ್ ಮುಂದೆ ಅರ್ಧ ಗಂಟೆ ಕೂತ. ಫೀಸು 500. ಸೆನ್ಸರ್ ಅಳೆಯುವುದು ರಕ್ತವನ್ನಲ್ಲ, ಚರ್ಮದಡಿಯ ದ್ರವವನ್ನು; ಹಾಗಾಗಿ ಐದು-ಹತ್ತು ನಿಮಿಷ ಹಿಂದಿರುತ್ತದೆ. ಅಂಕಿಯ ಜೊತೆ ಬಾಣ ಯಾವ ಕಡೆ ತಿರುಗಿದೆ ನೋಡಿ. ಮೈಗೆ ಅನಿಸುವುದಕ್ಕೂ ಅಂಕಿಗೂ ತಾಳೆಯಾಗದಿದ್ದರೆ ಬೆರಳು ಚುಚ್ಚಿ. ಬಹುತೇಕ ವಯಸ್ಕರಿಗೆ ದಿನದ ಶೇ 70ರಷ್ಟು ಹೊತ್ತು, ಅಂದರೆ ಸುಮಾರು 17 ಗಂಟೆ, 70ರಿಂದ 180ರೊಳಗೆ ಇದ್ದರೆ ಸಾಕು. ತಿಂದದ್ದನ್ನು ಬರೆದಿಡಿ.

ಬರೆದಿಟ್ಟ. ನಾಲ್ಕು ಇಡ್ಲಿ ತಿಂದು ಪೇಪರ್ ಹಿಡಿದು ಕೂತ ದಿನ 236. ಮರುದಿನ ಎರಡೇ ಇಡ್ಲಿ, ತರಕಾರಿ ಸಾಂಬಾರ್, ಇಪ್ಪತ್ತು ನಿಮಿಷ ನಡಿಗೆ: 171. ಇಷ್ಟು ತಿಳಿಯಲು ಅಂಗಡಿಯಲ್ಲಿ 5,000ಕ್ಕೆ ಸಿಗುವ ಒಂದೇ ಸೆನ್ಸರ್ ಸಾಕಿತ್ತು. ವರ್ಷವಿಡೀ ಹಾಕಿಕೊಂಡರೆ 26 ಬೇಕು, 1,30,000 ರೂಪಾಯಿ. ಒಪಿಡಿ ಕವರ್ ಇಲ್ಲದ ವಿಮೆಯವರು ತಿರುಗಿಯೂ ನೋಡುವುದಿಲ್ಲ. ಮಾತ್ರೆಯವರು ಕೊಳ್ಳುವ ಮುನ್ನ ವೈದ್ಯರನ್ನು ಕೇಳಲಿ. ಬೆಳಗಿನ ನಡಿಗೆಗಂತೂ ಇಎಂಐ ಇಲ್ಲ, ಆದರೂ ನಾವು ಏಳುವುದಿಲ್ಲ.

ಕಳೆದ ವಾರ ಕೋಚ್‌ನಿಂದ ಮೆಸೇಜು ಬಂದಿದೆ: ಪ್ಯಾಕೇಜ್ ರಿನ್ಯೂ ಮಾಡಿದರೆ ಶೇ 15 ರಿಯಾಯಿತಿ, ಸರ್.